ಎರಡು ವಜ್ರ, ಸಾಸಿವೆಯಷ್ಟು ಕಲ್ಲು

ಕಲ್ಲು ಹಿಂಡುವ ಕೆಲಸಕ್ಕೆ ಹೊರಟವರ ಬೆನ್ನು ನಗೆಪಾಟಲು ಬಿಡುವುದಿಲ್ಲ. ಬೇರೆಯವರು ಓದಿ ಡಾಕ್ಟರೇಟ್ ಪಡೆದರು. ನಾನು ಊರಿನವರ ಬಾಯಿಗೆ ಬಿದ್ದು ಪಡೆದೆ. ಈಗಲೂ ಮದುವೆ ಮನೆಯಲ್ಲಿ ಪರಿಚಯದವರು ಸಿಕ್ಕಿದರೆ, "ನೀವು ಆ ಕಲ್ಲಿನವರಲ್ವಾ?" ಎಂದೇ ಮಾತು ಶುರುಮಾಡುವುದು.

ಎಪ್ಪತ್ತರ ದಶಕ ಮುಗಿದು ಎಂಬತ್ತರ ದಶಕ ಕಾಲಿಡುತ್ತಿದ್ದ ಸಮಯ. ನಾನು ಉಡುಪಿಯ ಕಡಿಯಾಳಿಯವಳು. ಮಣಿಪಾಲದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾ, ಅಲ್ಲೇ ನಮ್ಮ ಸರ್ ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೆ. ಭೂಮಿಯ ಆಳದಲ್ಲಿ, ಮೇಲಿನ ಭಾರವೆಲ್ಲ ಬಿದ್ದಾಗ, ಕಲ್ಲಿನೊಳಗಿನ ಕಬ್ಬಿಣ ಹೇಗೆ ಬದಲಾಗುತ್ತದೆ ಎಂದು ತಿಳಿಯುವುದು ನಮ್ಮ ಕೆಲಸ. ಅಲ್ಲಿಗೆ ಹೋಗಿ ನೋಡಲು ಆಗುವುದಿಲ್ಲ. ಆದ್ದರಿಂದ ಅಲ್ಲಿನ ಒತ್ತಡವನ್ನೇ ಇಲ್ಲಿಗೆ ತರಬೇಕು. ಎರಡು ವಜ್ರಗಳ ತುದಿಗಳ ನಡುವೆ ಕಲ್ಲಿನ ಒಂದು ಕಣ ಇಟ್ಟು ತಿರುಪು ಬಿಗಿ ಮಾಡುವುದು, ಅದರ ಮೂಲಕ ಗಾಮಾ ಕಿರಣ ಹಾಯಿಸುವುದು. ಆಚೆ ಬದಿಯ ಯಂತ್ರ ಕಿರಣಗಳನ್ನು ಎಣಿಸಿ ಒಂದು ಗೆರೆ ಬರೆಯುತ್ತದೆ. ಆ ಗೆರೆಯಲ್ಲಿ ಎಲ್ಲೆಲ್ಲಿ ಹೊಂಡ ಬಿದ್ದಿದೆ ಎಂದು ನೋಡಿದರೆ ಕಬ್ಬಿಣದ ಯೋಗಕ್ಷೇಮ ತಿಳಿಯುತ್ತದೆ. ಈ ವಿದ್ಯೆಗೆ ವರ್ಣಪಟಲ ನೋಡುವುದು ಎಂದು ಹೆಸರು. ನಾವು ನೋಡಿದ್ದರಲ್ಲಿ ವರ್ಣ ಯಾವುದೂ ಇರಲಿಲ್ಲ ಎನ್ನುವುದು ಬೇರೆ ಮಾತು.

ತಾಪತ್ರಯ ಎರಡು. ಕಿರಣ ಕೊಡುವ ವಸ್ತುವಿಗೆ ನಾವು ಸೋರ್ಸ್ ಎನ್ನುತ್ತಿದ್ದೆವು. ಅದು ಪೆಟ್ಟಿಗೆಯಲ್ಲಿ ಸುಮ್ಮನೆ ಇಟ್ಟರೂ ತಾನಾಗಿಯೇ ಕ್ಷೀಣಿಸುವ ಜಾತಿಯದ್ದು; ವರ್ಷ ಕಳೆಯುವಾಗ ಅರ್ಧವೂ ಉಳಿಯುವುದಿಲ್ಲ. ಇನ್ನೊಂದು ತರಿಸುವ ತ್ರಾಣ ನಮ್ಮ ಕಾಲೇಜಿಗಿರಲಿಲ್ಲ. ಎರಡನೆಯದು, ಸರ್ ಅವರ ನಿವೃತ್ತಿ ಹತ್ತಿರ ಬಂದಿತ್ತು. ಸೋರ್ಸ್ ಸಾಯುವ ಮೊದಲು, ಸರ್ ಹೋಗುವ ಮೊದಲು, ಒತ್ತಡಕ್ಕೆ ಸಿಕ್ಕಿದ ಕಲ್ಲಿನ ಒಂದೇ ಒಂದು ಶುದ್ಧ ಗೆರೆ ನನಗೆ ಸಿಗಬೇಕಿತ್ತು. ಸಿಗದಿದ್ದರೆ ಅಷ್ಟು ವರ್ಷ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

೧. ಕಾಪುವಿನಲ್ಲಿ ಕಳೆದುಹೋದದ್ದು

ಕಾಪುವಿನ ದೀಪಸ್ತಂಭದ ಆಚೀಚೆ ಕೆಲವು ಕಡೆ ಮರಳು ಕಪ್ಪಗಿರುತ್ತದೆ. ಆ ಕಪ್ಪಿನಲ್ಲಿ ಕಬ್ಬಿಣ ಉಂಟು. ಮೊದಲು ಅದನ್ನೇ ಹಿಂಡಿ ನೋಡುವ ಎಂದು ಸರ್ ಹೇಳಿದ್ದರಿಂದ ಒಂದು ಬೆಳಿಗ್ಗೆ ಆಯಸ್ಕಾಂತವನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಕುಕ್ಕುರುಗಾಲಿನಲ್ಲಿ ಕುಳಿತು ಮರಳಿನ ಮೇಲೆ ಆಯಸ್ಕಾಂತ ಆಡಿಸುತ್ತಿದ್ದೆ. ಮೀನಿನ ಬುಟ್ಟಿ ಹೊತ್ತ ಒಬ್ಬ ಅಜ್ಜಿ ನಿಂತರು.

"ಎಂತ ಬಿದ್ದದ್ದು ಮಗಾ?"

"ಎಂತ ಬೀಳಲಿಲ್ಲ. ಮರಳು ತೆಗೆಯುತ್ತಿದ್ದೇನೆ."

ಅವರು ನನ್ನ ಕೈಯನ್ನು ನೋಡಲಿಲ್ಲ, ಕಿವಿಯನ್ನು ನೋಡಿದರು. ಓಲೆಯ ತಿರುಪು ಸಡಿಲವಾಗಿದೆಯೆಂದು ನಾನು ಅಂದು ಎರಡನ್ನೂ ಮನೆಯಲ್ಲೇ ಬಿಚ್ಚಿಟ್ಟು ಬಂದಿದ್ದೆ.

"ಅಯ್ಯೋ ದೇವರೇ, ಎರಡೂ ಹೋಯಿತಾ!" ಎಂದು ಬುಟ್ಟಿ ಇಳಿಸಿದರು.

ಆಮೇಲೆ ನನ್ನ ಮಾತು ಯಾರಿಗೂ ಬೇಕಾಗಲಿಲ್ಲ. ಮನೆಯವರ ಬೈಗುಳಕ್ಕೆ ಹೆದರಿ ಸುಳ್ಳು ಹೇಳುತ್ತಿದ್ದಾಳೆ ಎಂದು ಅಜ್ಜಿ ತೀರ್ಮಾನಿಸಿಯಾಗಿತ್ತು. ಬಲೆ ಒಣಹಾಕುತ್ತಿದ್ದ ಗಂಡಸರು ಬಂದರು. ರಸ್ತೆ ಬದಿಯ ಸೋಡಾ ಅಂಗಡಿಯ ಬ್ಯಾರಿ ಸಾಹುಕಾರರು ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಬಂದರು. ಬಂದವರೇ ಕೋಲಿನಿಂದ ಮರಳಿನ ಮೇಲೆ ಚೌಕ ಚೌಕ ಗೆರೆ ಎಳೆದು, ಒಬ್ಬೊಬ್ಬರಿಗೆ ಒಂದೊಂದು ಚೌಕ ಹಂಚಿದರು. ನನ್ನ ಕೈಯಲ್ಲಿದ್ದ ಆಯಸ್ಕಾಂತವನ್ನು ಕಂಡು ಅವರ ಮನಸ್ಸು ಕರಗಿತು.

"ಚಿನ್ನ ಅದಕ್ಕೆ ಹಿಡಿಯುವುದಿಲ್ಲ ತಂಗಿ," ಎಂದು ನನಗೆ ಹೇಳಿ, ಉಳಿದವರ ಕಡೆ ತಿರುಗಿ, "ಕಲಿತವರು ಪಾಪ. ಗಾಬರಿಗೆ ಎಲ್ಲ ಮರೆತುಹೋಗಿದೆ," ಎಂದರು.

ಬಿಸಿಲು ಏರುವವರೆಗೆ ಹುಡುಕಿದರು. ಒಮ್ಮೆಗೇ ಒಬ್ಬಳು "ಸಿಕ್ಕಿತು!" ಎಂದು ಕೂಗಿದಳು. ನಿಜವಾಗಿಯೂ ಒಂದು ಓಲೆ! ಯಾವ ಕಾಲದ್ದೋ ಏನೋ, ಒಂದು ಹರಳು ಉದುರಿಹೋಗಿತ್ತು. ಎಲ್ಲರ ಮುಖದಲ್ಲೂ ಸಂತೋಷ. ಅಜ್ಜಿ ಅದನ್ನು ಸೆರಗಿನಲ್ಲಿ ಒರೆಸಿ ನನ್ನ ಅಂಗೈಯಲ್ಲಿಟ್ಟರು. ನನಗೆ ನಾಚಿಕೆಯಿಂದ ಸತ್ತುಹೋಗುವ ಹಾಗಾಯಿತು.

"ಅಜ್ಜೀ, ಇದು ನನ್ನದಲ್ಲ. ದೇವರಾಣೆ, ನನ್ನದಲ್ಲ."

ಅಜ್ಜಿ ಒಂದು ಕ್ಷಣ ನನ್ನನ್ನು ನೋಡಿದರು. ಮತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಇವಳದ್ದು ಎರಡೂ ಇನ್ನೂ ಇಲ್ಲೇ ಉಂಟು. ಏಳಿ, ಸುರುವಿನಿಂದ ಹುಡುಕಿ!"

೨. ಕಾರ್ಕಳದ ಉಪಚಾರ

ಕಾಪುವಿನ ಮರಳಿನಲ್ಲಿ ಕಬ್ಬಿಣದ ಜೊತೆಗೆ ಬೇರೆ ಏನೇನೋ ಸೇರಿಕೊಂಡಿತ್ತು, ಗೆರೆ ಕಲಸುಮೇಲೋಗರವಾಯಿತು. "ಕಾರ್ಕಳದ ಕಪ್ಪು ಕಲ್ಲು ನೋಡುವ," ಎಂದರು ಸರ್. ಒಂದು ಶನಿವಾರ ಬಸ್ಸು ಹತ್ತಿ, ಕುಕ್ಕುಂದೂರಿನ ಕಡೆ ದೇವರ ಮೂರ್ತಿಯನ್ನೂ ಅರೆಯುವ ಕಲ್ಲನ್ನೂ ಕೆತ್ತುವ ಒಬ್ಬ ಶಿಲ್ಪಿಯ ಅಂಗಳಕ್ಕೆ ಹೋದೆವು. ಬೆಲ್ಲ ನೀರು ಬಂತು. ಕುಡಿದಾದ ಮೇಲೆ ಶಿಲ್ಪಿ ಕೇಳಿದರು:

"ಎಷ್ಟು ದೊಡ್ಡ ಕಲ್ಲು ಆಗಬೇಕು?"

ಸರ್ ಕಿರುಬೆರಳಿನ ಉಗುರು ತೋರಿಸಿದರು. "ಇದರ ತುದಿಯಷ್ಟು. ಸಾಸಿವೆಯಷ್ಟು ಎಂದು ಹೇಳಬಹುದು. ನಿಜ ಹೇಳುವುದಾದರೆ ಅದೂ ಹೆಚ್ಚೇ."

"ಎಲ್ಲಿಂದ ಬಂದದ್ದು ನೀವು?"

"ಮಣಿಪಾಲದಿಂದ."

"ಮಣಿಪಾಲದಿಂದ ಬಸ್ಸು ಹತ್ತಿ, ಸಾಸಿವೆಯಷ್ಟು ಕಲ್ಲಿಗೆ!"

ಒಳಗಿನಿಂದ ಅವರ ಹೆಂಡತಿ, "ಯಾರು ಬಂದದ್ದು?" ಎಂದು ಕೇಳಿದರು. "ಕಾಲೇಜಿನ ಮೇಷ್ಟ್ರು. ಕಲ್ಲಿನ ಹುಡಿ ಬೇಕಂತೆ," ಎಂದರು ಶಿಲ್ಪಿ. ಒಳಗಿನಿಂದ ಮತ್ತೆ, "ಮದ್ದಿಗಾ?" ಎಂದು ಧ್ವನಿ ಬಂತು.

ಶಿಲ್ಪಿ ಉಳಿಯಿಂದ ಒಂದು ಚಕ್ಕೆ ಹಾರಿಸಿ ಕಾಗದದಲ್ಲಿ ಕಟ್ಟಿ ಕೊಟ್ಟರು. ಸರ್ ಅದನ್ನು ಅಂಗಿಯ ಕಿಸೆಗೆ ಹಾಕಿ ಕೈ ಮುಗಿದು ಹೊರಟರು. ಆದರೆ ಅತಿಥಿಗಳನ್ನು ಕಾಗದದ ಪೊಟ್ಟಣ ಕೊಟ್ಟು ಕಳಿಸುವುದು ಆ ಮನುಷ್ಯನಿಗೆ ಸರಿ ಬರಲಿಲ್ಲ. ಅಂಗಳದ ಮೂಲೆಯಲ್ಲಿ ಒಂದು ಅರೆಯುವ ಕಲ್ಲಿತ್ತು. ಬಾಯಿ ಸ್ವಲ್ಪ ಓರೆಯಾಗಿದೆಯೆಂದು ಹೇಳಿ ಮಾಡಿಸಿದವರು ಬಿಟ್ಟು ಹೋದದ್ದಂತೆ.

"ಅದೇ ಬಂಡೆಯ ಕಲ್ಲು. ಗುಂಡು ಸಹ ಉಂಟು. ತೆಗೆದುಕೊಂಡು ಹೋಗಿ."

"ಬೇಡ, ಬೇಡ. ನಮಗೆ ಇಷ್ಟು ಸಾಕು."

"ನೀವು ಸುಮ್ಮನಿರಿ ಮೇಷ್ಟ್ರೇ. ಕಾರ್ಕಳಕ್ಕೆ ಹೋಗಿ ಸಾಸಿವೆ ತಂದರು ಎಂದು ನಾಳೆ ನಾಲ್ಕು ಜನ ಹೇಳಬಾರದು."

ಇಬ್ಬರು ಆಳುಗಳು ಅದನ್ನು ಬಸ್ಸಿಗೇರಿಸಿದರು. ಕಂಡಕ್ಟರ್ ಕಲ್ಲನ್ನು ನೋಡಿದರು, ಸರ್ ಅವರನ್ನು ನೋಡಿದರು, "ಮಗಳಿಗೆ ಮದುವೆಯಾ?" ಎಂದು ಕೇಳಿದರು. ಸರ್ ಸುಮ್ಮನೆ ತಲೆ ಅಲ್ಲಾಡಿಸಿದರು. ನಿಂತ ಜನ ಹೆಚ್ಚಾದ ಹಾಗೆ ಕಲ್ಲಿಗೂ ಬೆಲೆ ಬಂತು. ಹಿರಿಯಡ್ಕ ದಾಟುವವರೆಗೆ ಮೂವರು ಹೆಂಗಸರು ಸರದಿಯಲ್ಲಿ ಅದರ ಮೇಲೆ ಕುಳಿತು ಬಂದರು. "ತಂಪಾಗಿ ಉಂಟು," ಎಂದು ಮೆಚ್ಚಿಕೊಂಡರು ಕೂಡ.

ಮಣಿಪಾಲದಲ್ಲಿ ಕಲ್ಲನ್ನು ಇಳಿಸುವ ಗಡಿಬಿಡಿಯಲ್ಲಿ ಸರ್ ಬಗ್ಗಿದರು. ಪ್ರಯೋಗಾಲಯಕ್ಕೆ ಬಂದು ನೋಡಿದರೆ ಕಿಸೆಯಲ್ಲಿ ಪೊಟ್ಟಣ ಇಲ್ಲ. ಬಸ್ಸು ಆಗಲೇ ಉಡುಪಿ ಮುಟ್ಟಿರಬೇಕು. ಸರ್ ಸುತ್ತಿಗೆ ತಂದು, ಅರೆಯುವ ಕಲ್ಲಿನ ಓರೆ ಬಾಯಿಯಿಂದ ಒಂದು ಚೂರು ಹಾರಿಸಿ, ಕಲ್ಲಿನ ಮೇಲೆ ಬಿಳಿ ಬಣ್ಣದಿಂದ 'ಸ್ಯಾಂಪಲ್ ೧' ಎಂದು ಬರೆದು ಜಗಲಿಯಲ್ಲಿಟ್ಟರು. ಸೋಮವಾರ ಬಂದ ಪ್ರಿನ್ಸಿಪಾಲರು ಅದಕ್ಕೆ ಒಂದು ಸುತ್ತು ಬಂದು, "ಸ್ಯಾಂಪಲ್ಲೇ ಇಷ್ಟಿದ್ದರೆ, ಮುಖ್ಯ ಸಾಮಾನು ಯಾವ ಲಾರಿಯಲ್ಲಿ ಬರುತ್ತದೆ?" ಎಂದು ಕೇಳಿದರು.

೩. ವಜ್ರ ಆಗಿ ಬರುವುದು

ಸರ್ ವಿದೇಶದ ಗೆಳೆಯರೊಬ್ಬರಿಂದ ಮೂರು ವಜ್ರ ತರಿಸಿದ್ದರು. ದೊಡ್ಡದೇನಲ್ಲ, ಮೂಗುಬೊಟ್ಟಿಗೆ ಆಗುವಂಥದ್ದು. ತಮ್ಮ ಹೆಂಡತಿಯ ಕುಂಕುಮದ ಭರಣಿಯಲ್ಲಿ ಹತ್ತಿಯ ಮೇಲೆ ಮಲಗಿಸಿ ಇಟ್ಟಿದ್ದರು. ಒಂದನ್ನು ನಾನು ತಿರುಪು ಅತಿಯಾಗಿ ಬಿಗಿದು ಒಡೆದೆ. ಉಳಿದದ್ದು ಎರಡು. ಎರಡಕ್ಕಿಂತ ಕಡಿಮೆಯಾದರೆ ಅಂಗಡಿ ಮುಚ್ಚಿದ ಹಾಗೆಯೇ.

ಆ ದಿನಗಳಲ್ಲಿ ನನ್ನನ್ನು ನೋಡಲು ಒಂದು ಕಡೆಯವರು ಬಂದರು. ಹುಡುಗ ಬ್ಯಾಂಕಿನವರು. ಬಾಯಿ ತೆರೆದವರು ಮಾತ್ರ ಅವರ ಅಜ್ಜಿ. ನಮ್ಮ ಮನೆಯ ಮಾತು ತುಳು. ಇಲ್ಲಿ ಕನ್ನಡ ಮಾಡಿ ಹೇಳುತ್ತೇನೆ.

"ಹುಡುಗಿಗೆ ಎಂತ ಕೆಲಸ?" ಎಂದು ಅಜ್ಜಿ ಕೇಳಿದರು.

ಕಲ್ಲು ಹಿಂಡುತ್ತಾಳೆ ಎಂದರೆ ಸಂಬಂಧ ತಪ್ಪಿಹೋದೀತು ಎಂದು ಅಮ್ಮನಿಗೆ ಹೆದರಿಕೆ. "ಕಾಲೇಜಿನಲ್ಲಿ. ಅವಳ ಕೈಯಲ್ಲಿ ಎರಡು ವಜ್ರ ಉಂಟು," ಎಂದುಬಿಟ್ಟರು.

ಅಜ್ಜಿ ನೆಟ್ಟಗೆ ಕುಳಿತರು. ನಮ್ಮ ಕಡೆ ವಜ್ರ ಕೊಂಡರೆ ಕೂಡಲೇ ತೊಡುವ ಕ್ರಮ ಇಲ್ಲ. ಕೆಲವು ದಿನ ಮನೆಯಲ್ಲಿಟ್ಟು ನೋಡುತ್ತಾರೆ. ಒಳ್ಳೆಯ ಸುದ್ದಿ ಬಂದರೆ ಆಗಿ ಬಂತು ಎಂದು ಲೆಕ್ಕ; ಯಾರಾದರೂ ಬಾವಿಕಟ್ಟೆಯಲ್ಲಿ ಜಾರಿ ಬಿದ್ದರೆ ಅಂಗಡಿಗೇ ವಾಪಸು.

"ಪರೀಕ್ಷೆ ಮಾಡಿದ್ದೀಯಾ?" ಎಂದು ನನ್ನನ್ನೇ ಕೇಳಿದರು.

"ದಿನಾ ಮಾಡುತ್ತೇನೆ ಅಜ್ಜಿ."

"ಆಗಿ ಬಂದಿದೆಯಾ?"

"ಎರಡು ಬಂದಿದೆ. ಒಂದು ಒಡೆಯಿತು."

ಅಮ್ಮ ಅಡಿಗೆಮನೆಯ ಬಾಗಿಲಿನಿಂದ ನನಗೆ ಕಣ್ಣು ಮಾಡುತ್ತಿದ್ದರು. ಅಜ್ಜಿ ಕಾಫಿ ಲೋಟ ಕೆಳಗಿಟ್ಟರು.

"ವಜ್ರ ಒಡೆಯಿತಾ! ಹೇಗೆ?"

"ನಾನೇ ಒಡೆದದ್ದು. ತಿರುಪು ಸ್ವಲ್ಪ ಜಾಸ್ತಿ ತಿರುಗಿಸಿದೆ."

"ಮತ್ತೆ ನೀನು ಎಂತ ಮಾಡಿದೆ?"

"ಎಂತ ಮಾಡುವುದು? ಕಾಫಿ ಕುಡಿದು ಬಂದು ಇನ್ನೊಂದನ್ನು ಹಾಕಿದೆ."

ಅಮ್ಮ ಬಾಗಿಲು ಹಿಡಿದುಕೊಂಡು ನಿಂತದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಜ್ಜಿ ನಿಧಾನವಾಗಿ ತಮ್ಮ ಮೊಮ್ಮಗನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಕೊನೆಗೆ ಅಮ್ಮನಿಗೆ ಹೇಳಿದರು:

"ವಜ್ರ ಒಡೆದರೂ ಕಾಫಿ ಬಿಡದ ಹುಡುಗಿ. ಇವನನ್ನು ಸುಧಾರಿಸಲು ಇಂಥವಳೇ ಆಗಬೇಕು."

೪. ಕಾಶ್ಯಪ ಗೋತ್ರ

ಪ್ರಬಂಧ ಮುಗಿದ ಮೇಲೆಯೇ ಮದುವೆ ಎಂದು ನಾನು ಹಟ ಹಿಡಿದೆ. ಆಗ ಅಮ್ಮನಿಗೂ ಯಂತ್ರದ ಮೇಲೆ ಆಸ್ಥೆ ಹುಟ್ಟಿತು. ಆದರೆ ಆಗಿನ ಕರೆಂಟಿನ ಅವಸ್ಥೆ ಹೇಳಿ ಸುಖವಿಲ್ಲ. ಎಣಿಕೆ ಅರ್ಧ ಆದಾಗ ಕರೆಂಟು ಹೋದರೆ ಯಂತ್ರ ಎಲ್ಲ ಮರೆತು ಸೊನ್ನೆಗೆ ಬರುತ್ತಿತ್ತು. ಅಮ್ಮ ನನ್ನನ್ನು ಎಳೆದುಕೊಂಡು ಮನೆಯ ಹತ್ತಿರದ ದೇವಸ್ಥಾನಕ್ಕೆ ಹೋದರು.

"ಯಾರ ಹೆಸರಿನಲ್ಲಿ ಅರ್ಚನೆ?" ಎಂದು ಅರ್ಚಕರು ಕೇಳಿದರು.

"ಸ್ಪೆಕ್ಟ್ರೋಮೀಟರ್," ಎಂದರು ಅಮ್ಮ. ಈ ಹೆಸರನ್ನು ಯಾವಾಗ ಬಾಯಿಪಾಠ ಮಾಡಿದ್ದರೋ!

"ನಕ್ಷತ್ರ?"

ಅಮ್ಮ ನನ್ನ ಕಡೆ ತಿರುಗಿ, "ಅದು ಕಾಲೇಜಿಗೆ ಬಂದದ್ದು ಯಾವ ದಿನ?" ಎಂದರು. ನಾನು ಹೇಳಿದೆ. ಬೆರಳು ಮಡಚಿ ಲೆಕ್ಕ ಹಾಕಿ, "ರೋಹಿಣಿ," ಎಂದರು.

"ಗೋತ್ರ?"

"ಬೊಂಬಾಯಿಯಿಂದ ಬಂದದ್ದು. ಗೊತ್ತಿಲ್ಲ."

"ಗೊತ್ತಿಲ್ಲದಿದ್ದರೆ ಕಾಶ್ಯಪ," ಎಂದು ಅರ್ಚಕರು ಕಣ್ಣು ಮುಚ್ಚಿ, ರೋಹಿಣಿ ನಕ್ಷತ್ರದಲ್ಲಿ ಜನಿಸಿದ ಕಾಶ್ಯಪ ಗೋತ್ರದ 'ಸ್ಪೆಕ್ಟ್ರೋಮೀಟರ್ ನಾಮಧೇಯಸ್ಯ' ಆಯುರಾರೋಗ್ಯ ಬೇಡಿ ಹೂ ಹಾಕಿದರು. ನನಗೆ ನಗು ತಡೆಯಲಾಗಲಿಲ್ಲ. "ನಗುವುದು ಎಂತಕ್ಕೆ?" ಎಂದರು ಅವರು, "ನಿನ್ನೆ ಒಂದು ಬಸ್ಸಿಗೆ ಮಾಡಿದ್ದೇನೆ. ಅದರ ಹೆಸರು ಇದಕ್ಕಿಂತ ಉದ್ದ ಇತ್ತು."

ಪ್ರಸಾದವನ್ನು ಯಂತ್ರದ ಮೇಲಿಟ್ಟು ಗುಂಡಿ ಒತ್ತಿದೆ. ಮಧ್ಯಾಹ್ನದೊಳಗೆ ಕರೆಂಟು ಹೋಯಿತು. ಮನೆಗೆ ಬಂದು ಅಮ್ಮನ ಮೇಲೆ ಹರಿಹಾಯ್ದೆ. ಅಮ್ಮ ಸ್ವಲ್ಪವೂ ಅಲುಗಲಿಲ್ಲ.

"ಯಂತ್ರಕ್ಕೆ ಏನಾದರೂ ಆಯಿತಾ?"

"ಇಲ್ಲ."

"ಮತ್ತೆ? ನಾನು ಮಾಡಿಸಿದ್ದು ಯಂತ್ರಕ್ಕೆ. ಕರೆಂಟಿಗೆ ಮಾಡಿಸಲಿಲ್ಲವಲ್ಲ."

೫.  ಚಂದ್ರನೂ ಕಬ್ಬಿಣವೂ

ಕರೆಂಟಿಗೆ ಸರ್ ಬಸ್ಸಿನ ಹಳೆಯ ಬ್ಯಾಟರಿಗಳನ್ನು ಜೋಡಿಸಿ ಒಂದು ದಾರಿ ಮಾಡಿದರು. ಅಷ್ಟರಲ್ಲಿ ಹೊಸ ಪೀಡೆ ಶುರುವಾಯಿತು. ವಜ್ರದೊಳಗಿನ ಕಣದ ಎಣಿಕೆಗೆ ಎಷ್ಟೋ ದಿನ ಬೇಕು. ಅದಕ್ಕೆ ಕೈ ಹಾಕುವ ಮೊದಲು ಯಂತ್ರ ಸರಿ ಇದೆಯೇ ಎಂದು ಪ್ರತಿ ಮಧ್ಯಾಹ್ನ ಕಬ್ಬಿಣದ ಒಂದು ತೆಳು ಹಾಳೆ ಇಟ್ಟು ನೋಡುತ್ತಿದ್ದೆವು. ಅದರ ಗೆರೆಯಲ್ಲಿ ಹೊಂಡಗಳು ಸೂಜಿಯಿಂದ ಚುಚ್ಚಿದ ಹಾಗೆ ಕಿರಿದಾಗಿರಬೇಕು. ನಮ್ಮದು ಎಮ್ಮೆ ಮಲಗಿ ಎದ್ದ ಜಾಗದ ಹಾಗೆ ಅಗಲವಾಗಿತ್ತು. ಆದರೆ ಒಮ್ಮೊಮ್ಮೆ, ಯಾವ ಕಾರಣವೂ ಇಲ್ಲದೆ, ಒಂದು ದಿನ ಮಾತ್ರ ಸರಿಯಾಗಿ ಬಂದು ಮರುದಿನ ಮತ್ತೆ ಕೆಡುತ್ತಿತ್ತು.

ಸರ್ ಸುಮ್ಮನೆ ಬಿಡುವವರಲ್ಲ. ಸರಿ ಬಂದ ದಿನಗಳನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿದರು. ಹದಿನೈದು ದಿನಕ್ಕೊಮ್ಮೆ! ಮನೆಯಿಂದ ಪಂಚಾಂಗ ತಂದು ತಾಳೆ ನೋಡಿದರು. ಪ್ರತಿಯೊಂದು ಗುರುತೂ ದಶಮಿ. ಶುಕ್ಲ ಪಕ್ಷದ ದಶಮಿ, ಕೃಷ್ಣ ಪಕ್ಷದ ದಶಮಿ, ಮತ್ತೆ ಶುಕ್ಲ ಪಕ್ಷದ ದಶಮಿ. ಪಂಚಾಂಗವನ್ನು ನನ್ನ ಕಡೆ ತಿರುಗಿಸಿದರು.

"ನೋಡಮ್ಮ, ಸಮುದ್ರ ಅಮಾವಾಸ್ಯೆಗೆ, ಹುಣ್ಣಿಮೆಗೆ ಉಬ್ಬುತ್ತದೆ. ನಮ್ಮ ಕಬ್ಬಿಣ ದಶಮಿಗೆ ಶಾಂತವಾಗುತ್ತದೆ. ಚಂದ್ರನಿಗೂ ಕಬ್ಬಿಣಕ್ಕೂ ಎಂತದೋ ಒಂದು ಉಂಟು. ಪ್ರಪಂಚದಲ್ಲಿ ಯಾರಿಗೂ ಇದು ಗೊತ್ತಿಲ್ಲ."

ನನಗೂ ಮೈ ಜುಂ ಎಂದಿತು. ನಿವೃತ್ತಿಯ ಹೊಸ್ತಿಲಲ್ಲಿ ನಮ್ಮ ಸರ್ ಅವರಿಗೆ ಎಂಥ ಯೋಗ! ಅವರು ಪರದೇಶದ ಪತ್ರಿಕೆಗೆ ಲೇಖನ ಬರೆಯಲು ಕುಳಿತರು. ನಾನು ಅಕ್ಷರ ತಪ್ಪದೆ ಟೈಪು ಮಾಡಿದೆ. ಮುಂದಿನ ದಶಮಿಯ ಗೆರೆ ಒಂದು ಸೇರಿಸಿ ಕಳಿಸುವುದು ಎಂದಾಯಿತು.

ಆ ದಶಮಿ ಬಂತು. ಗೆರೆ ಸೂಜಿಯ ಹಾಗೆ ಬಂತು. ಖುಷಿಯಲ್ಲಿ ಚಹಾ ಕುಡಿಯಲು ಕೆಳಗಿನ ಕ್ಯಾಂಟೀನಿಗೆ ಇಳಿದೆ. ನಮ್ಮ ಪ್ರಯೋಗಾಲಯದ ಸರಿ ಕೆಳಗೆಯೇ ಕ್ಯಾಂಟೀನು. ಅದನ್ನು ನಡೆಸುವ ಭಟ್ಟರು ಬಾಗಿಲಲ್ಲಿ ಆರಾಮವಾಗಿ ಎಲೆ ಅಡಿಕೆ ಹಾಕುತ್ತಾ ಕುಳಿತಿದ್ದರು.

"ಭಟ್ರೇ, ನಾಳೆ ಬೇಗ ಬರುತ್ತೇನೆ. ನನಗೆ ಎರಡು ಇಡ್ಲಿ ತೆಗೆದಿಡಿ."

"ನಾಳೆ ಏಕಾದಶಿ ಅಲ್ವಾ ಮಾರಾಯ್ತಿ, ಇಡ್ಲಿ ಎಲ್ಲಿಂದ? ಸಜ್ಜಿಗೆ ಮಾಡುವುದು. ಅದಕ್ಕೇ ಇವತ್ತು ಅರೆಯುವ ಕೆಲಸ ಇಲ್ಲ, ನೋಡಿ, ಹೇಗೆ ಕುಳಿತಿದ್ದೇನೆ."

ನಾನು ಒಳಗೆ ಇಣುಕಿದೆ. ಮೂಲೆಯಲ್ಲಿ ಅವರ ಹೊಸ ಕರೆಂಟಿನ ಗ್ರೈಂಡರು ಬಟ್ಟೆ ಹೊದ್ದು ನಿಂತಿತ್ತು. ಬೇರೆ ಎಲ್ಲ ಮಧ್ಯಾಹ್ನ ಅದು ಹಾಸ್ಟೆಲಿನ ಹುಡುಗರ ಮಾರನೆ ದಿನದ ಇಡ್ಲಿಗೆ ಗಡಗಡ ಎಂದು ಅರೆಯುತ್ತಿತ್ತು. ಅದರ ತಲೆಯ ಮೇಲಿನ ಮಾಳಿಗೆಯಲ್ಲಿ, ಅದರ ಜೊತೆಗೇ ಅದುರುತ್ತಾ, ನಮ್ಮ ಮೇಜು. ನಾನು ಚಹಾ ಬಿಟ್ಟು ಮೆಟ್ಟಿಲು ಹತ್ತಿದೆ.

ವಿಷಯ ಕೇಳಿ ಸರ್ ಪಂಚಾಂಗ ಮುಚ್ಚಿದರು. ನನಗೆ ಅವರ ಮುಖ ನೋಡಲು ಕಷ್ಟವಾಯಿತು. "ಏಕಾದಶಿಯ ದಿನ ಸರಿ ಬರುತ್ತಿದ್ದರೆ ನನಗೆ ಕೂಡಲೇ ಹೊಳೆಯುತ್ತಿತ್ತು," ಎಂದರು. "ಹಿಂದಿನ ದಿನ ಅರೆಯುತ್ತಾರೆ ಎಂದು ಯಾರಿಗೆ ಗೊತ್ತು?"

ಸಂಜೆ ತಮ್ಮ ಹೆಂಡತಿಗೂ ಅದೇ ಮಾತು ಹೇಳಿದರಂತೆ. ಅವರು ಹೂ ಕಟ್ಟುವುದನ್ನು ನಿಲ್ಲಿಸದೆ, "ಮೂವತ್ತು ವರ್ಷದಿಂದ ಬೆಳಿಗ್ಗೆ ಇಡ್ಲಿ ತಿನ್ನುತ್ತಿದ್ದೀರಿ. ಅದು ಮರದಿಂದ ಬೀಳುವುದು ಎಂದು ತಿಳಿದಿದ್ದೀರಾ?" ಎಂದು ಕೇಳಿದರಂತೆ.

೬. ಉಳಿದ ಕಲ್ಲು

ಕಾರಣವೇನೋ ಸಿಕ್ಕಿತು, ಸೋರ್ಸ್ ಮಾತ್ರ ದಿನದಿನಕ್ಕೆ ಸೊರಗುತ್ತಿತ್ತು. ಇನ್ನು ತಡೆದರೆ ಆಗದು ಎಂದು ಸರ್ ಭಟ್ಟರ ಹತ್ತಿರ ಹೋಗಿ, ಕೆಲವು ವಾರ ಗ್ರೈಂಡರು ಹಾಕಬೇಡಿ ಎಂದು ಕೇಳಿಕೊಂಡರು.

"ದಿನಾ ಏಕಾದಶಿ ಮಾಡಿದರೆ ಹಾಸ್ಟೆಲಿನವರು ನನ್ನನ್ನೇ ಅರೆದಾರು," ಎಂದರು ಭಟ್ಟರು. ಸ್ವಲ್ಪ ಯೋಚಿಸಿ, "ನಿಮ್ಮ ಜಗಲಿಯಲ್ಲಿ ಒಂದು ಅರೆಯುವ ಕಲ್ಲು ಸುಮ್ಮನೆ ಕುಳಿತಿದೆಯಲ್ಲ? ಅದನ್ನು ಕೊಡಿ. ಹಿಂದಿನ ಹಲಸಿನ ಮರದ ಬುಡದಲ್ಲಿ ಹಾಕಿ ಕೈಯಲ್ಲೇ ಅರೆಸುತ್ತೇನೆ," ಎಂದರು.

"ಅದು ಸ್ಯಾಂಪಲ್!" ಎಂದರು ಸರ್.

"ಹೆಸರು ಎಂತ ಬೇಕಾದರೂ ಇಡಿ. ಹಿಟ್ಟು ನುಣ್ಣಗಾದರೆ ಆಯಿತು."

ಕಲ್ಲು ಹೋಯಿತು. ಗ್ರೈಂಡರು ನಿಂತಿತು. ನಾನು ಉಸಿರು ಬಿಗಿಹಿಡಿದು ವಜ್ರದ ತಿರುಪು ಬಿಗಿದೆ, ಈ ಸಲ ಒಡೆಯಲಿಲ್ಲ. ವಾರಗಟ್ಟಲೆ ಎಣಿಕೆ ನಡೆದು, ಕೊನೆಗೆ ಒಂದು ಬೆಳಿಗ್ಗೆ ಕಾಗದದ ಮೇಲೆ ಗೆರೆ ಇಳಿಯಿತು. ಎರಡು ಚೊಕ್ಕ ಹೊಂಡ, ಒತ್ತಡಕ್ಕೆ ತಕ್ಕ ಹಾಗೆ ಜಾಗ ಬದಲಿಸಿದ್ದವು. ನನಗೆ ಅಳು ಬಂತು. ಸರ್ ಕನ್ನಡಕ ಒರೆಸಿಕೊಂಡರು. ಅಮ್ಮ ದೇವಸ್ಥಾನಕ್ಕೆ ಹೋಗಿ ಈ ಸಲ ಕರೆಂಟಿಗೂ ಸೇರಿಸಿ ಅರ್ಚನೆ ಮಾಡಿಸಿದರು.

ಪ್ರಬಂಧ ಬರೆದು ಕಳಿಸಿದ್ದಾಯಿತು. ಮೌಖಿಕ ಪರೀಕ್ಷೆ ಸರ್ ನಿವೃತ್ತರಾಗುವ ತಿಂಗಳಿಗೇ ಬಂತು. ಹೊರಗಿನ ಪರೀಕ್ಷಕರು ಮೈಸೂರು ಕಡೆಯವರು. ಮೂಗಿನ ತುದಿಯಲ್ಲಿ ಕೋಪ, ಇಬ್ಬರ ಪ್ರಬಂಧ ಹಿಂದಕ್ಕೆ ಕಳಿಸಿದವರು ಎಂದು ಸುದ್ದಿ. ನಮ್ಮ ಭಟ್ಟರಿಗೆ ನನ್ನ ಮೇಲೆ ಪ್ರೀತಿ. ಕೈಯಲ್ಲಿ ಅರೆದ ಇಡ್ಲಿ ರುಚಿ ಎಂದು ಹುಡುಗರು ಬಿಡದ ಕಾರಣ ಕಲ್ಲು ಅವರ ಹತ್ತಿರವೇ ಉಳಿದಿತ್ತು. ದೊಡ್ಡವರು ಬರುತ್ತಾರೆ, ಇಡ್ಲಿ ಮಲ್ಲಿಗೆಯ ಹಾಗಿರಬೇಕು ಎಂದು ಅವರು ಹಿಂದಿನ ದಿನವೇ, ಸವೆದು ನುಣುಪಾದ ಕಲ್ಲಿಗೆ ಉಳಿ ಹೊಡೆಸಿ ಒರಟು ಮಾಡಿಸಿದ್ದರು. ಹಾಗೆ ಹೊಡೆಸಿದ ಮೇಲೆ ಮೊದಲು ತೌಡು ಅರೆದು ಚೆಲ್ಲಬೇಕು, ಆಮೇಲೆ ಅಕ್ಕಿ. ಸಂಭ್ರಮದಲ್ಲಿ ತೌಡು ಮರೆತುಹೋಯಿತು.

ಬೆಳಿಗ್ಗೆ ಪರೀಕ್ಷಕರು ಎರಡನೆಯ ಇಡ್ಲಿಗೆ ಚಟ್ನಿ ಹಚ್ಚಿ ಬಾಯಿಗಿಟ್ಟರು. ಕಟಕ್ ಎಂದು ಸದ್ದು ಬಂತು. ಎದುರು ಕುಳಿತಿದ್ದ ನನ್ನ ಎದೆಯೂ ಹಾಗೇ ಅಂದಿತು.

"ಏನ್ರೀ ಇದು? ಉಡುಪಿ ಇಡ್ಲಿ ಅಂತ ಆಸೆಯಿಂದ ಬಂದ್ರೆ ಕಲ್ಲು!" ಎಂದು ಕೆನ್ನೆ ಹಿಡಿದುಕೊಂಡು, ಬಾಯಿಂದ ಕಪ್ಪು ಚೂರೊಂದನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. "ನಿಮ್ಮ ಪ್ರಿನ್ಸಿಪಾಲರಿಗೆ ತೋರಿಸ್ತೀನಿ."

ಪರೀಕ್ಷೆಯಲ್ಲಿ ಅವರು ನನ್ನನ್ನು ಹಿಂಡಿದ ಹಾಗೆ ನಾನು ಯಾವ ಕಲ್ಲನ್ನೂ ಹಿಂಡಿಲ್ಲ. ಒತ್ತಡ ಹೇಗೆ ಅಳೆದಿರಿ, ಕಬ್ಬಿಣ ಇಷ್ಟೇ ಎಂದು ಹೇಗೆ ಗೊತ್ತು, ನೆಲ ಅದುರದ ಹಾಗೆ ಏನು ಏರ್ಪಾಡು ಮಾಡಿದ್ದಿರಿ? ಕೊನೆಯದಕ್ಕೆ, "ಕ್ಯಾಂಟೀನಿನಲ್ಲಿ ಗ್ರೈಂಡರು ನಿಲ್ಲಿಸಿದೆವು ಸರ್," ಎಂದೆ. ಹುಬ್ಬು ಏರಿತು. ಏನೋ ಬರೆದುಕೊಂಡರು. ನಮ್ಮ ಸರ್ ಕಿಟಕಿಯ ಹೊರಗೆ ನೋಡುತ್ತಿದ್ದರು.

"ಎಲ್ಲಾ ಸರಿ," ಎಂದರು ಪರೀಕ್ಷಕರು, ಕೆನ್ನೆ ಸವರಿಕೊಳ್ಳುತ್ತಾ. "ನಾಳೆ ಬೇರೆಯವರು ಇದನ್ನ ಮತ್ತೆ ಅಳೆದು ನೋಡಬೇಕು ಅಂದ್ರೆ ಅದೇ ಕಲ್ಲು ಬೇಕಲ್ಲ? ವಜ್ರದೊಳಗೆ ಹಾಕಿದ್ದು ಒಂದು ಕಣ. ಉಳಿದ ಕಲ್ಲು ಎಲ್ಲಿ? ಜೋಪಾನ ಮಾಡಿದ್ದೀರೋ ಇಲ್ಲವೋ? ಅದನ್ನ ನೋಡದೆ ನಾನು ರುಜು ಹಾಕೋದಿಲ್ಲ."

ನಾನು ಸರ್ ಅವರನ್ನು ನೋಡಿದೆ. ಸರ್ ನನ್ನನ್ನು ನೋಡಿದರು. ಇಷ್ಟು ವರ್ಷದ ಕೆಲಸ, ಅವರ ನಿವೃತ್ತಿ, ನನ್ನ ಮದುವೆ, ಎಲ್ಲ ಹಲಸಿನ ಮರದ ಬುಡದಲ್ಲಿ ಉದ್ದಿನ ಹಿಟ್ಟು ಮೆತ್ತಿಕೊಂಡು ಕುಳಿತಿತ್ತು. ಸುಳ್ಳು ಹೇಳಿ ಉಪಯೋಗವಿರಲಿಲ್ಲ.

"ಕ್ಯಾಂಟೀನಿನ ಹಿತ್ತಿಲಿನಲ್ಲಿ ಉಂಟು ಸರ್."

"ಕ್ಯಾಂಟೀನಲ್ಲಾ? ಅಲ್ಲಿ ಅದು ಏನು ಮಾಡ್ತಿದೆ?"

"ಅದರಲ್ಲಿ ಇಡ್ಲಿಗೆ ಅರೆಯುತ್ತಾರೆ."

ಅವರ ಕೈ ಕೆನ್ನೆಯ ಮೇಲೆಯೇ ನಿಂತಿತು. ಇಷ್ಟು ಹೇಳಿದ ಮೇಲೆ ಇನ್ನೆಂತ ಎಂದು ನಾನು ಉಳಿದದ್ದನ್ನೂ ಹೇಳಿಬಿಟ್ಟೆ:

"ಸ್ವಲ್ಪ ತಮ್ಮ ಜೇಬಿನಲ್ಲೂ ಉಂಟು ಸರ್."

ಪರೀಕ್ಷಕರು ಬಹಳ ನಿಧಾನವಾಗಿ ಕರವಸ್ತ್ರ ತೆಗೆದರು. ಬಿಚ್ಚಿ, ಚೂರನ್ನು ಬೆಳಕಿಗೆ ಹಿಡಿದು ನೋಡಿದರು. ಎದ್ದು ಹೋಗಿ ನಮ್ಮ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ನನ್ನ ಪ್ರಬಂಧದಲ್ಲಿದ್ದ ಕಲ್ಲಿನ ಚಿತ್ರ ತೆರೆದು, ಮತ್ತೆ ಕಣ್ಣಿಟ್ಟು ನೋಡಿದರು. ಅವರ ಭುಜ ಕುಲುಕತೊಡಗಿತು. ಸಿಟ್ಟೋ ಏನೋ ಎಂದು ನಾನು ಕುರ್ಚಿ ಹಿಡಿದುಕೊಂಡೆ. ತಿರುಗಿದಾಗ ಅವರ ಕಣ್ಣಿನಲ್ಲಿ ನೀರು ಬರುವಷ್ಟು ನಗು.

"ಅದೇ ಕಲ್ಲು, ಸಂಶಯವಿಲ್ಲ," ಎಂದು ಪೆನ್ನು ತೆಗೆದು ರುಜು ಹಾಕಿದರು. ಹಾಕಿ ಪ್ರಬಂಧವನ್ನು ನನ್ನ ಕಡೆ ತಳ್ಳಿ ಹೇಳಿದರು:

"ಒಂದೇ ಒಂದು ತಿದ್ದುಪಡಿ. ಇದನ್ನ ಹಿಂಡುವಾಗ ವಜ್ರ ತಡ್ಕೊಂಡಿತು ಅಂತ ಬರ್ದಿದ್ದೀರಿ. ನನ್ನ ದವಡೆ ಹಲ್ಲು ತಡ್ಕೊಳ್ಳಲಿಲ್ಲ. ಅದನ್ನೂ ಕೊನೆಯಲ್ಲಿ ಸೇರಿಸಿ."